ಬೀಡಿನ ಕಾವಲಿಯನ್ನು ಪಳಗಿಸುವ ಬಗೆ



ಎಲ್ಲರ ಮನೆ ದೋಸೆಯೂ ತೂತು, ನಮ್ಮ ಮನೆ ಕಾವಲಿಯೇ ತೂತು ಎಂಬ ಗಾದೆ ತಮಗೆಲ್ಲ ತಿಳಿದದ್ದೇ. ನನ್ನ ಕಾವಲಿಗೆ ತೂತಿರಲಿಲ್ಲ; ಆದರೂ ಅದರಿಂದ ಒಂದು ದೋಸೆಯೂ ಇಡಿಯಾಗಿ ಎದ್ದು ಬರಲಿಲ್ಲ. ಕೆಲಸದ ನಿಮಿತ್ತ ಹಳ್ಳಿಯಲ್ಲಿ ಕೋಣೆ ಹಿಡಿದು, ಒಬ್ಬನೇ ಅಡಿಗೆ ಮಾಡಿಕೊಳ್ಳುವವನು ನಾನು. ಸಂತೆಯಲ್ಲಿ ಬೀಡಿನ ಕಾವಲಿಯೊಂದನ್ನು ಕೊಂಡು ತಂದು ಅಂದೇ ಹಿಟ್ಟು ಹುಯ್ದೆ. ಅಂಟಿತು. ಕೆರೆದೆ. ಸೋಪಿನ ಪುಡಿ ಹಾಕಿ ತಂತಿಯ ನಾರಿನಿಂದ ತಿಕ್ಕಿ, ಒದ್ದೆಯಾಗಿಯೇ ಗೋಡೆಗೆ ಒರಗಿಸಿಟ್ಟೆ. ಬೆಳಗ್ಗೆ ನೋಡಿದರೆ ಮೈಯೆಲ್ಲ ತುಕ್ಕು. ಗುಜರಿಯವನಿಗೆ ಹಾಕಲು ಹೊರಟಾಗ ಮನೆಯೊಡತಿ ಅಜ್ಜಿ ತಡೆದರು. “ಕಾವಲಿ ಕೆಟ್ಟಿಲ್ಲ ಕಣಪ್ಪ, ನೀನಿನ್ನೂ ಪಳಗಿಸಿಲ್ಲ. ಹೋರಿ ತಂದ ದಿನಾನೇ ನೇಗಿಲಿಗೆ ಕಟ್ತೀಯಾ?” ಎಂದರು. ಕೃಷಿ ಡಿಪ್ಲೊಮಾ ಓದಿದವನಿಗೆ ಅಷ್ಟು ಸಾಕಾಯಿತು.

ನನ್ನಂತೆಯೇ ಬೇಸತ್ತು ಅಜ್ಜಿ-ಮುತ್ತಜ್ಜಿಯರ ಕಾವಲಿಗಳನ್ನು ತೂಕಕ್ಕೆ ಹಾಕಿದ ಮನೆಗಳು ನಮ್ಮ ಸುತ್ತ ಕಡಿಮೆಯಿಲ್ಲ. ಆದಕಾರಣ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೀಡು ಎಂದರೆ ಅಚ್ಚಿನಲ್ಲಿ ಎರಕ ಹುಯ್ದ ಕಬ್ಬಿಣ. ಇದರಲ್ಲಿ ನೂರಕ್ಕೆ 2ರಿಂದ 4 ಪಾಲು ಇಂಗಾಲವಿರುತ್ತದೆ. ಆದ್ದರಿಂದ ಇದು ಗಡುಸು, ಆದರೆ ಪೆಡಸು. ಕೈಜಾರಿ ಬಿದ್ದರೆ ಒಡೆಯುತ್ತದೆ, ಕಾದಿರುವಾಗ ತಣ್ಣೀರು ಸುರಿದರೆ ಬಿರಿಯುತ್ತದೆ. ಹೊಸದರ ಮೈ ಒರಟು. ಆ ಮೈಗೆ ಎಣ್ಣೆಯನ್ನು ತೆಳುವಾಗಿ ಸವರಿ ಚೆನ್ನಾಗಿ ಕಾಯಿಸಿದರೆ, ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾದ ಕಪ್ಪು ಪದರವಾಗುತ್ತದೆ. ಆಮೇಲೆ ಅದು ಎಣ್ಣೆಯಲ್ಲ, ಮರಕ್ಕೆ ಬಳಿಯುವ ವಾರ್ನಿಷಿನಂಥದು. ಅಗಸೆ ಎಣ್ಣೆಯನ್ನು ಬಾಗಿಲಿನ ಬಣ್ಣಕ್ಕೆ ಬೆರೆಸುವುದೂ ಇದೇ ಗುಣಕ್ಕಾಗಿ. ಪಳಗಿಸುವುದೆಂದರೆ ಈ ಪದರವನ್ನು ಕಟ್ಟುವುದು, ಬೇರೇನೂ ಅಲ್ಲ.

ಎಲ್ಲ ಎಣ್ಣೆಗೂ ಈ ಗುಣ ಒಂದೇ ಸಮನಾಗಿಲ್ಲ. ನಮ್ಮ ಹೊಲದಲ್ಲಿ ಬೆಳೆಯುವ ಅಗಸೆ, ಹುಚ್ಚೆಳ್ಳು, ಸೂರ್ಯಕಾಂತಿಗಳ ಎಣ್ಣೆ ಬೇಗ ಗಟ್ಟಿಯಾಗುತ್ತದೆ. ಕಡಲೆಕಾಯಿ ಎಣ್ಣೆ ಸ್ವಲ್ಪ ನಿಧಾನ. ಕೊಬ್ಬರಿ ಎಣ್ಣೆ, ತುಪ್ಪ ಈ ಕೆಲಸಕ್ಕೆ ಅಷ್ಟಾಗಿ ಒದಗವು. ಅಗಸೆಯ ಪದರ ಬಲು ಗಡುಸಾದರೂ ಕೆಲವೊಮ್ಮೆ ಚಕ್ಕೆಯೇಳುತ್ತದೆ. ನಾನು ಹುಚ್ಚೆಳ್ಳೆಣ್ಣೆಯನ್ನೇ ಬಳಸಿದೆ.

ಇನ್ನು ಮಾಡುವ ಬಗೆ. ಹೊಸ ಕಾವಲಿಯಲ್ಲಿ ಎರಕದ ಮರಳು, ಮಸಿ ಉಳಿದಿರುತ್ತದೆ. ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿ ತೊಳೆಯಿರಿ. ಅಜ್ಜಿಯ ಕ್ರಮದಂತೆ ಮೂರು ದಿನ ಅಕ್ಕಚ್ಚಿನಲ್ಲಿ ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಬೇಕು. ತೊಳೆದು ಒರೆಸಿ, ಸಣ್ಣ ಉರಿಯಲ್ಲಿಟ್ಟು ಪೂರ್ತಿ ಒಣಗಿಸಿ. ಬೆಚ್ಚಗಿರುವಾಗ ಒಂದು ಚಮಚ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ಎಲ್ಲ ಕಡೆ ಸವರಿ, ಬಳಿಕ ಬೇರೊಂದು ಒಣಬಟ್ಟೆಯಿಂದ ಎಣ್ಣೆಯೇ ಇಲ್ಲವೆನ್ನುವಷ್ಟು ಒರೆಸಿಬಿಡಿ. ನಾನು ಎರಡನೆಯ ಸಲ ಎಡವಿದ್ದು ಇಲ್ಲಿಯೇ. ಹೆಚ್ಚಿಗೆ ಸವರಿದರೆ ಬೇಗ ಪಳಗೀತೆಂದು ಬಗೆದೆ. ಹಲಸಿನ ಅಂಟಿನಂತೆ ಜಿಗುಟಾಗಿ, ಎಲ್ಲವನ್ನೂ ತಿಕ್ಕಿ ತೆಗೆದು ಮೊದಲಿನಿಂದ ಆರಂಭಿಸಬೇಕಾಯಿತು. ಸವರಿ ಒರೆಸಿದ ಮೇಲೆ ಹೊಗೆಯಾಡುವವರೆಗೆ ಕಾಯಿಸಿ, ತಾನಾಗಿ ಆರಲು ಬಿಡಿ. ಕಿಟಕಿ ತೆರೆದಿರಲಿ. ಹೀಗೆ ಐದಾರು ಸಲ.

ಆಮೇಲೂ ತಕ್ಷಣ ದೋಸೆಗೆ ಕೈಹಾಕಬೇಡಿ. ಎರಡು ಮೂರು ದಿನ ಈರುಳ್ಳಿ ಹುರಿಯಿರಿ, ಒಗ್ಗರಣೆ ಹಾಕಿರಿ. ದೋಸೆಯ ದಿನ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಕಾವಲಿಗೆ ಉಜ್ಜಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ. ಬೀಡು ತಡವಾಗಿ ಕಾಯುತ್ತದೆ, ತಡವಾಗಿ ಆರುತ್ತದೆ. ನೀರಿನ ಹನಿ ಚಿಮುಕಿಸಿದರೆ ಚೊಯ್ ಎಂದು ಕುಣಿದು ಆರಬೇಕು. ದೋಸೆ ಬೆಂದರೆ ತಾನೇ ಅಂಚು ಬಿಡುತ್ತದೆ. ಅದಕ್ಕೆ ಮೊದಲು ಮಗುಚುವ ಕೈ ತೂರಿಸಬೇಡಿ. ಚಪಾತಿ, ರೊಟ್ಟಿಗೆ ಬೇರೆ ಕಾವಲಿ ಇರಲಿ. ಎಣ್ಣೆಯಿಲ್ಲದೆ ಕಾಯುವುದರಿಂದ ದೋಸೆಯ ಪದರ ಸುಟ್ಟುಹೋಗುತ್ತದೆ. ಕೆಲಸ ಮುಗಿದ ಮೇಲೆ ಬಿಸಿನೀರಿನಲ್ಲಿ ತೊಳೆದು, ಒಲೆಯ ಮೇಲೆ ಒಣಗಿಸಿ, ತೊಟ್ಟು ಎಣ್ಣೆ ಸವರಿಡಿ.

ಇಷ್ಟು ಶ್ರಮವೇಕೆಂದು ಕೇಳುವಿರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ ಆಹಾರಕ್ಕೆ ಕಬ್ಬಿಣದ ಅಂಶ ಇಳಿಯುತ್ತದೆ. ಇಥಿಯೋಪಿಯ ದೇಶದಲ್ಲಿ ಮಕ್ಕಳಿಗೆ ಒಂದು ವರ್ಷ ಕಬ್ಬಿಣದ ಪಾತ್ರೆಯ ಅಡಿಗೆ ಉಣಿಸಿ ನೋಡಿದ ಪರೀಕ್ಷೆಯ ವರದಿ 1999ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಬಂತು. ಅಲ್ಯುಮಿನಿಯಂ ಪಾತ್ರೆಯ ಅಡಿಗೆ ಉಂಡವರಿಗಿಂತ ಆ ಮಕ್ಕಳ ರಕ್ತ ಹೆಚ್ಚು ಸುಧಾರಿಸಿತ್ತು.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಚೆನ್ನಾಗಿ ಪಳಗಿದ ಕಾವಲಿಯ ದೋಸೆಗೆ ಇಳಿಯುವ ಕಬ್ಬಿಣ ಅಲ್ಪ. ನೀರು, ಹುಳಿ ಇದ್ದು ಬಹಳ ಹೊತ್ತು ಬೇಯುವ ಪದಾರ್ಥಕ್ಕೇ ಹೆಚ್ಚು ಇಳಿಯುವುದು. ಹುಳಿಯೋ ಪದರವನ್ನು ತಿನ್ನುತ್ತದೆ. ಹೀಗಾಗಿ ದೋಸೆಗೊಂದು ಕಾವಲಿ, ಸೊಪ್ಪಿನ ಪಲ್ಯ, ಟೊಮೇಟೊ ಗೊಜ್ಜಿಗೊಂದು ಕಬ್ಬಿಣದ ಬಾಣಲೆ ಇಟ್ಟುಕೊಳ್ಳುವುದು ಮೇಲು. ಬೆಂದ ಕೂಡಲೇ ಬೇರೆ ಪಾತ್ರೆಗೆ ಬಗ್ಗಿಸಿಬಿಡಿ. ಬಿಟ್ಟರೆ ಕಪ್ಪಾಗಿ ಒಗರು ಹತ್ತುತ್ತದೆ. ಊಟದ ಜೊತೆಗೇ ಟೀ ಕುಡಿಯಬೇಡಿ, ಅದು ಕಬ್ಬಿಣ ಮೈಗೂಡದಂತೆ ತಡೆಯುತ್ತದೆ, ನಿಂಬೆರಸ ಮೈಗೂಡಿಸುತ್ತದೆ. ಬಾಣಲೆ ಇದೆಯೆಂದು ಗರ್ಭಿಣಿಯರು ಮಾತ್ರೆ ಬಿಡತಕ್ಕದ್ದಲ್ಲ. ದಿನಕ್ಕೊಂದರಂತೆ 180 ದಿನದ ಕಬ್ಬಿಣದ ಮಾತ್ರೆಯನ್ನು ನುಂಗಲೇಬೇಕು. ಮನೆಯಲ್ಲಿ ಥಲಸ್ಸೀಮಿಯಾ ಇರುವವರು ವೈದ್ಯರನ್ನು ಕೇಳಿಯೇ ಕಬ್ಬಿಣದ ಪಾತ್ರೆ ಬಳಸಲಿ.

ಅಟ್ಟದಲ್ಲಿ ಹಳೆಯ ಕಾವಲಿ ಬಿದ್ದಿದ್ದರೆ ಇಳಿಸಿ ನೋಡಿ. ತುಕ್ಕಿಗೆ ಹೆದರಬೇಕಿಲ್ಲ, ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಉಜ್ಜಿದರೆ ಹೋಗುತ್ತದೆ. ಬಿರುಕಿದ್ದರೆ ಮಾತ್ರ ಕಷ್ಟ. ಹಿಡಿಯಿಂದ ತೂಗುಬಿಟ್ಟು ಮರದ ತುಂಡಿನಿಂದ ಮೆಲ್ಲಗೆ ತಟ್ಟಿ: ಗಂಟೆಯಂತೆ ಠಣ್ ಎಂದರೆ ಗಟ್ಟಿ, ದೊಬ್ಬೆಂದರೆ ಎಲ್ಲೋ ಬಿರಿದಿದೆ. ನನ್ನದು ಠಣ್ ಎಂದಿತು; ಈಗ ವಾರಕ್ಕೆರಡು ದಿನ ದೋಸೆ. ಮೊದಲನೆಯದು ಅಜ್ಜಿಗೆ.