ಟವೆಲ್ ಹಾಕುವ ಬ್ಯಾಕ್ಟೀರಿಯಾ

ಚಿಕ್ಕೋಡಿ, ರಾಯಬಾಗ ಕಡೆಯ ಅರಿಷಿಣ ಬೆಳೆಗಾರರಿಗೆ ಗಡ್ಡೆ ಕೊಳೆ ರೋಗದ ಕಾಟ ಗೊತ್ತು. ಬಿತ್ತನೆ ಗಡ್ಡೆಯನ್ನು ಸುಡೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಪುಡಿಯಿಂದ ಉಪಚರಿಸಿ ನೆಡಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದುಂಟು. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿಯುವ ಹಾಗೆ, ರೋಗಾಣು ಬರುವ ಮೊದಲೇ ಈ ಬ್ಯಾಕ್ಟೀರಿಯಾ ಬೇರಿನ ಬಳಿ ಜಾಗ ಹಿಡಿದಿರುತ್ತದೆ. ತಡವಾಗಿ ಬಂದವರ ಮೇಲೆ ವಿಷವನ್ನೂ ಸುರಿಸುತ್ತದೆ.

ಸಮುದ್ರದ ನೀರಲ್ಲೂ ಇದೇ ಜಗಳ.

ಸಿಗಡಿ ಮರಿ ಬೆಳೆಸುವ ತೊಟ್ಟಿ ರಾತ್ರಿ ನೀಲಿಯಾಗಿ ಮಿನುಗಿತೆಂದರೆ, ನೋಡಲು ಚೆಂದ, ಮಾಲೀಕನಿಗೆ ದಿಗಿಲು. ಅದು ವಿಬ್ರಿಯೊ ಹಾರ್ವೆಯಿ ಎಂಬ ಬ್ಯಾಕ್ಟೀರಿಯಾದ ಬೆಳಕು. ಮರಿಗಳು ರಾಶಿರಾಶಿಯಾಗಿ ಸಾಯುತ್ತವೆ. ಪ್ರತಿಜೀವಕ ಸುರಿದರಾಯಿತು ಎಂಬ ನಂಬಿಕೆಗೆ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು 1994ರಲ್ಲೇ ಪೆಟ್ಟು ಕೊಟ್ಟರು. ಮರಿಗಳ ಸಾಮೂಹಿಕ ಸಾವಿಗೆ ಕಾರಣವಾಗಿದ್ದ ಹಾರ್ವೆಯಿಯು ಕ್ಲೋರಾಂಫೆನಿಕಾಲ್, ಸ್ಟ್ರೆಪ್ಟೊಮೈಸಿನ್ ಎರಡಕ್ಕೂ ಜಗ್ಗದ ತಳಿಯಾಗಿತ್ತು. ಔಷಧಿ ನಿರುಪದ್ರವಿ ಬ್ಯಾಕ್ಟೀರಿಯಾಗಳನ್ನೂ ಕೊಂದು ಸೀಟು ಖಾಲಿ ಮಾಡುತ್ತದೆ. ಬದುಕುಳಿದ ಗಟ್ಟಿಗ ಕಾಲು ಚಾಚಿ ಕೂರುತ್ತಾನೆ.

ಹಾಗಾದರೆ ಸೀಟು ತುಂಬಿಸಿದರೆ? ಇಂಡೋನೇಷ್ಯಾದಲ್ಲಿ ಮೋರಿಯಾರ್ಟಿ ಎಂಬ ವಿಜ್ಞಾನಿ ಇದರ ಫಲವನ್ನು ಗಮನಿಸಿ 1998ರಲ್ಲಿ ಬರೆದರು. ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಆಯ್ದ ತಳಿಗಳನ್ನು ನೀರಿಗೆ ಬಿಟ್ಟ ಸಿಗಡಿ ಕೊಳಗಳು 160 ದಿನ ದಾಟಿಯೂ ತೊಂದರೆಯಿಲ್ಲದೆ ನಡೆದವು. ಬಿಡದ ಕಡೆ 80 ದಿನದೊಳಗೇ ಬೆಳೆ ಕೈಕೊಟ್ಟಿತು.

ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾಲಯದವರ ಕಥೆ ಇನ್ನೂ ಸ್ವಾರಸ್ಯ. ಸಿಂಪಿ ಮರಿಗಳಿಗೂ ವಿಬ್ರಿಯೊ ಕಾಟವೇ. ನಮ್ಮಂತೆ ಪ್ರತಿಕಾಯ ತಯಾರಿಸಲು ಅವಕ್ಕೆ ಬರುವುದಿಲ್ಲ, ಹಾಗಾಗಿ ನಮಗೆ ಹಾಕುವಂಥ ಲಸಿಕೆಯ ಮಾತೂ ಇಲ್ಲ. ಸಂಶೋಧಕರು ಔಷಧಿಯನ್ನು ಹುಡುಕಿದ್ದು ಆರೋಗ್ಯವಂತ ಸಿಂಪಿಯ ಚಿಪ್ಪಿನ ಒಳಮೈಯಲ್ಲಿ! ಅಲ್ಲಿ ಸಿಕ್ಕ ಫಿಯೊಬ್ಯಾಕ್ಟರ್ ಎಂಬ ಕಡಲ ಬ್ಯಾಕ್ಟೀರಿಯಾ ಅಂಟಾದ ಪದರವಾಗಿ ಹರಡಿಕೊಳ್ಳುತ್ತದೆ, ಟ್ರೊಪೊಡೈಥಿಯೆಟಿಕ್ ಆಮ್ಲ ಎಂಬ, ನಾಲಿಗೆ ತೊಡರಿಸುವ ಹೆಸರಿನ ವಿಷ ಸ್ರವಿಸಿ ವಿಬ್ರಿಯೊವನ್ನು ಹತ್ತಿಕ್ಕುತ್ತದೆ. 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇದನ್ನು ಮುಂಚೆಯೇ ನೀರಿಗೆ ಬಿಟ್ಟಿದ್ದರಿಂದ ರೋಗಾಣು ಸೋಕಿದ ಮರಿಗಳು ಹೆಚ್ಚಾಗಿ ಉಳಿದವು. "ಮುಂಚೆಯೇ" ಎಂಬ ಮಾತಿಗೆ ಅಡಿಗೆರೆ ಎಳೆಯಬೇಕು: ಬಸ್ಸು ಹೊರಟ ಮೇಲೆ ಟವೆಲ್ ಎಸೆದರೇನು ಬಂತು?

ಎಲ್ಲ ರೋಗಕ್ಕೂ ಇದು ಮದ್ದಲ್ಲ. ಸಿಗಡಿ ಕೃಷಿಕರನ್ನು ಕಂಗೆಡಿಸಿದ ಬಿಳಿ ಚುಕ್ಕೆ ರೋಗ ವೈರಸ್‌ನದು. ಅದು ಸಿಗಡಿಯ ಜೀವಕೋಶದೊಳಗೇ ಮನೆ ಮಾಡುತ್ತದೆ, ಹೊರಗಿನ ಸೀಟಿನ ಗೊಡವೆಯೇ ಅದಕ್ಕಿಲ್ಲ. ಆದರೆ ಮಂಗಳೂರಿನವರು ಮುಂದೆ ಹಾರ್ವೆಯಿಯ ವಿರುದ್ಧ ವೈರಸ್ಸನ್ನೇ ಕೆಲಸಕ್ಕೆ ಹಚ್ಚಿದರು. ಹಾರ್ವೆಯಿಯನ್ನು ಮಾತ್ರ ಹಿಡಿದು ಸೀಳುವ ಬ್ಯಾಕ್ಟೀರಿಯೊಫೇಜ್ ಬಿಟ್ಟ ತೊಟ್ಟಿಗಳಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಮರಿಗಳು ಉಳಿದವೆಂದು 2007ರಲ್ಲಿ ವರದಿ ಮಾಡಿದರು. ಪ್ರತಿಜೀವಕ ಹಾಕಿದಲ್ಲಿ ಉಳಿದದ್ದು 65ರಿಂದ 68.