ಮೂಳೆ ಸರಿಯಿದೆ, ಕೈ ಏಕೆ ಏಳುತ್ತಿಲ್ಲ?

ವಡ್ಡು, ತೋರಣಗಲ್ಲು, ಸಂಡೂರು ಕಡೆಯ ರಸ್ತೆಗಳಲ್ಲಿ ಅದಿರಿನ ಲಾರಿಗಳ ಪಕ್ಕದಲ್ಲೇ ಬೈಕ್‌ಗಳೂ ಓಡುತ್ತವೆ. ಬಿದ್ದರೆ ಹೆಲ್ಮೆಟ್ ತಲೆಯನ್ನು ಕಾಪಾಡುತ್ತದೆ. ಆದರೆ ಭುಜ ನೆಲಕ್ಕೆ ಬಡಿದು ತಲೆ ಇನ್ನೊಂದು ಕಡೆಗೆ ವಾಲಿದರೆ ಕುತ್ತಿಗೆ ಮತ್ತು ಭುಜದ ನಡುವಿನ ನರಗಳು ಜಗ್ಗುತ್ತವೆ, ಕೆಲವೊಮ್ಮೆ ಹರಿದೇ ಹೋಗುತ್ತವೆ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ನರ ಕಾಣುವುದಿಲ್ಲ. ಹಾಗಾಗಿ "ಮೂಳೆ ಮುರಿದಿಲ್ಲ" ಎಂದ ಕೂಡಲೇ ಮನೆಯವರು ನೆಮ್ಮದಿಪಡುತ್ತಾರೆ.

ಬೆನ್ನುಹುರಿಯಿಂದ ಹೊರಡುವ ಐದು ನರಬೇರುಗಳು ಕುತ್ತಿಗೆಯ ಬಳಿ ಜಡೆಯಂತೆ ಹೆಣೆದುಕೊಂಡು ಕೈಗೆ ಇಳಿಯುತ್ತವೆ. ಈ ಹೆಣಿಗೆಗೆ ಬ್ರೇಕಿಯಲ್ ಪ್ಲೆಕ್ಸಸ್ ಎಂದು ಹೆಸರು. ಮೇಲಿನ ಬೇರುಗಳು ಮುಖ್ಯವಾಗಿ ಭುಜ ಎತ್ತಲು, ಮೊಣಕೈ ಮಡಚಲು ಬೇಕು. ಕೆಳಗಿನವು ಬೆರಳುಗಳಿಗೆ ಬೇಕು. ಮೇಲಿನವು ಮಾತ್ರ ಹರಿದರೆ ಬೆರಳುಗಳು ಆಡುತ್ತವೆ, ಆದರೆ ತುತ್ತು ಬಾಯಿಗೆ ತಲುಪುವುದಿಲ್ಲ.

ನನ್ನ ಖಾಲಾ ಮಗನಿಗೆ ಆದದ್ದು ಇದೇ. ಮೂರು ತಿಂಗಳು ಎಣ್ಣೆ ತಿಕ್ಕುವುದರಲ್ಲೇ ಕಳೆಯಿತು. ಮನೆಗೆ ಬಂದವರೆಲ್ಲ "ಸಬರ್ ಮಾಡು, ಸರಿಹೋಗುತ್ತದೆ" ಎನ್ನುತ್ತಿದ್ದರು. ಜಗ್ಗಿದ ನರ ಎಷ್ಟೋ ಸಲ ತಾನಾಗಿಯೇ ಚೇತರಿಸಿಕೊಳ್ಳುವುದು ನಿಜ. ಹರಿದ ನರದ ಲೆಕ್ಕ ಬೇರೆ.

ನಾನು ಕಾಮರ್ಸ್ ವಿದ್ಯಾರ್ಥಿನಿ, ಆದ್ದರಿಂದ ಲೆಕ್ಕದಲ್ಲೇ ಹೇಳುತ್ತೇನೆ. ನರ ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಕುತ್ತಿಗೆಯಿಂದ ತೋಳಿನ ಸ್ನಾಯುವಿಗೆ 30 ಸೆಂಟಿಮೀಟರ್ ಎಂದುಕೊಂಡರೆ 300 ದಿನ ಬೇಕು. ಅಂಗೈವರೆಗೆ 70 ಸೆಂಟಿಮೀಟರ್ ಎಂದರೆ 700 ದಿನ. ಇತ್ತ ನರದ ಸಂಪರ್ಕವಿಲ್ಲದ ಸ್ನಾಯು ಒಂದರಿಂದ ಒಂದೂವರೆ ವರ್ಷದೊಳಗೆ ಮರಳಿ ಬಾರದಷ್ಟು ಕ್ಷೀಣಿಸುತ್ತದೆ. ಅಂದರೆ ಇದು ಕೊನೆಯ ದಿನಾಂಕವಿರುವ ಸಾಲ. ಆರು ತಿಂಗಳು ಸುಮ್ಮನೆ ಕಳೆದರೆ 300ಕ್ಕೆ 180 ಸೇರಿ 480 ದಿನವಾಗುತ್ತದೆ, ಗಡುವು ಬಂದೇಬಿಡುತ್ತದೆ. ಅದಕ್ಕೇ ವೈದ್ಯರು ಮೊದಲ ಕೆಲವು ತಿಂಗಳು ಪರೀಕ್ಷೆ ಮಾಡುತ್ತಾ ಕಾಯುತ್ತಾರೆ. ಚೇತರಿಕೆ ಕಾಣದಿದ್ದರೆ ಆರು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಮಾಡುವುದು ಒಳ್ಳೆಯದು ಎನ್ನುತ್ತಾರೆ.

ದೂರವನ್ನೇ ಕಡಿಮೆ ಮಾಡುವ ಉಪಾಯವೂ ಇದೆ. 1994ರಲ್ಲಿ ಫ್ರಾನ್ಸ್‌ನ ಓಬರ್ಲಿನ್ ಎಂಬ ವೈದ್ಯರು ಬೆರಳುಗಳ ಕಡೆಗೆ ಹೋಗುವ ಅಲ್ನರ್ ನರದಿಂದ ಒಂದು ಸಣ್ಣ ಎಳೆ ತೆಗೆದು, ಮೊಣಕೈ ಮಡಚುವ ಸ್ನಾಯುವಿನ ನರಕ್ಕೆ ಜೋಡಿಸುವ ವಿಧಾನವನ್ನು ಪ್ರಕಟಿಸಿದರು. ಜೋಡಣೆ ಸ್ನಾಯುವಿನ ಹತ್ತಿರವೇ ಆಗುವುದರಿಂದ ನರ ಕೆಲವೇ ಸೆಂಟಿಮೀಟರ್ ಬೆಳೆದರೆ ಸಾಕು. ಐದೂ ಬೇರುಗಳು ಕಿತ್ತುಹೋಗಿದ್ದರೆ ಪಕ್ಕೆಲುಬಿನ ನಡುವಿನ, ಉಸಿರಾಟದ ನರವನ್ನು ತಂದು ಜೋಡಿಸುವುದುಂಟು. ಆಗ ಮೊದಮೊದಲು ಜೋರಾಗಿ ಉಸಿರೆಳೆದರೆ ಮಾತ್ರ ಮೊಣಕೈ ಮಡಚುತ್ತದೆ! ಅಭ್ಯಾಸ ಮಾಡುತ್ತಾ ಹೋದಂತೆ ಮಿದುಳು ಎರಡನ್ನೂ ಬೇರೆ ಮಾಡಲು ಕಲಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಇಂಥ ಗಾಯಾಳುಗಳ ಮಿದುಳನ್ನು ಎಂಆರ್‌ಐ ಮೂಲಕ ನೋಡಿ, ಪೆಟ್ಟಿನ ನಂತರ ಮತ್ತು ಚಿಕಿತ್ಸೆಯ ನಂತರ ಅದರಲ್ಲಾಗುವ ಬದಲಾವಣೆಗಳ ಬಗ್ಗೆ 2017ರಲ್ಲಿ ಅಧ್ಯಯನ ಪ್ರಕಟಿಸಿದ್ದಾರೆ.

ಸಬರ್ ನಿಜವಾಗಿ ಬೇಕಾಗುವುದು ಶಸ್ತ್ರಚಿಕಿತ್ಸೆಯ ನಂತರ. ತಿಂಗಳುಗಟ್ಟಲೆ ಏನೂ ಆಗುತ್ತಿಲ್ಲ ಅನಿಸುತ್ತದೆ. ಆಗ ಕೈ ಹಿಡಿಯುವುದು ಅಳತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್‌ನಲ್ಲಿ ರೂಪುಗೊಂಡ ಎಂಆರ್‌ಸಿ ಅಂಕಗಳು ಇಂದಿಗೂ ಬಳಕೆಯಲ್ಲಿವೆ. ಸ್ನಾಯು ಸ್ವಲ್ಪವೂ ಮಿಸುಕದಿದ್ದರೆ 0. ಮಿಡಿತ ಮಾತ್ರ ಕಂಡರೆ 1. ಮೇಜಿನ ಮೇಲೆ ಕೈ ಜಾರಿಸಲು ಬಂದರೆ 2. ಭೂಮಿಯ ಸೆಳೆತಕ್ಕೆ ಎದುರಾಗಿ ಎತ್ತಿದರೆ 3. ಎದುರಿನಿಂದ ಒತ್ತಿದರೂ ಸ್ವಲ್ಪ ತಡೆದರೆ 4. ಪೂರ್ಣ ಬಲ ಬಂದರೆ 5. ಜೊತೆಗೆ ಗೋನಿಯೋಮೀಟರ್ ಎಂಬ ಸಾಧನವಿದೆ. ನಮ್ಮ ಜಾಮಿಟ್ರಿ ಬಾಕ್ಸ್‌ನ ಕೋನಮಾಪಕಕ್ಕೆ ಎರಡು ಪಟ್ಟಿ ಜೋಡಿಸಿದಂತೆ ಇರುತ್ತದೆ. ಮೊಣಕೈ ಎಷ್ಟು ಡಿಗ್ರಿ ಮಡಚಿತು ಎಂದು ಅದು ಹೇಳುತ್ತದೆ. ಆರೋಗ್ಯವಂತರಲ್ಲಿ ಅದು ಸುಮಾರು 140ರಿಂದ 150 ಡಿಗ್ರಿ.

ಅಣ್ಣನ ನೋಟ್‌ಬುಕ್‌ನಲ್ಲಿ ಫಿಸಿಯೋಥೆರಪಿಸ್ಟ್ ದಿನಾಂಕ ಹಾಕಿ ಬರೆಯುತ್ತಾರೆ. "ಏನೂ ಆಗಿಲ್ಲ" ಎಂದು ಅವನು ಬೇಸರಪಟ್ಟ ದಿನ ನಾವು ಹಿಂದಿನ ಪುಟ ತಿರುಗಿಸಿದೆವು. 0 ಇದ್ದದ್ದು 2 ಆಗಿತ್ತು. ಈಗ 3 ಆಗಿದೆ. ತುತ್ತು ಬಾಯಿಗೆ ಬರುತ್ತದೆ, ದುವಾಕ್ಕೆ ಎರಡೂ ಕೈ ಏಳುತ್ತವೆ. ನೀರು ತುಂಬಿದ ಬಿಂದಿಗೆ ಎತ್ತಲು ಇನ್ನೂ ಆಗುವುದಿಲ್ಲ.

ಆದ್ದರಿಂದ ಸ್ನೇಹಿತರೇ, ಯಾರಾದರೂ ಬಿದ್ದ ಮೇಲೆ ಕೈ ಎತ್ತಲಾಗದಿದ್ದರೆ, ಕೈ ಜೋಮು ಹಿಡಿದಿದ್ದರೆ, "ನರಕ್ಕೆ ಪೆಟ್ಟಾಗಿದೆಯೇ?" ಎಂದು ವೈದ್ಯರನ್ನು ತಪ್ಪದೇ ಕೇಳಿ. ಬಿದ್ದ ದಿನಾಂಕ ಬರೆದಿಡಿ. ಕೀಲುಗಳು ಬಿಗಿಯಾಗದಂತೆ, ವೈದ್ಯರು ಹೇಳಿಕೊಟ್ಟ ಹಾಗೆ, ಇನ್ನೊಂದು ಕೈಯಿಂದ ದಿನವೂ ಆಡಿಸಬೇಕು. ಸ್ಪರ್ಶವಿಲ್ಲದ ಕೈಗೆ ಬಿಸಿ ಚಹಾದ ಲೋಟ, ಬೈಕಿನ ಸೈಲೆನ್ಸರ್ ತಾಗಿದರೂ ತಿಳಿಯುವುದಿಲ್ಲ, ಎಚ್ಚರವಿರಲಿ. ಖರ್ಚಿನ ಚಿಂತೆಯಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಏನು ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲ ದಿನವೇ ವಿಚಾರಿಸಿ.