ಹೆಸರಿಲ್ಲದ ಗುಂಡುಗಳು

ಗುಂಡು ಗುಂಡಗಿರುತ್ತದೆಯೇ? ಭಾಷೆಯನ್ನು ಕೇಳಿದರೆ ಹೌದೆನ್ನುತ್ತದೆ; ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿದರೆ ಇಲ್ಲವೆನ್ನಬೇಕಾಗುತ್ತದೆ. ಸೀಸವನ್ನು ಕರಗಿಸಿ, ಗೋಲಿಯಂತೆ ಎರಕ ಹೊಯ್ದು ಕೋವಿಗೆ ತುಂಬುತ್ತಿದ್ದ ಕಾಲದ ಮಾತು ಅದು. ೧೮೪೯ರಲ್ಲಿ ಫ್ರಾನ್ಸಿನ ಮಿನಿಯೇ ಎಂಬ ಸೇನಾಧಿಕಾರಿ ರೈಫಲಿಗಾಗಿ ಮೊನಚಾದ ನೀಳ ಗುಂಡನ್ನು ರೂಪಿಸಿದ ಮೇಲೆ ಹಳೆಯ ದುಂಡು ಆಕಾರ ಕ್ರಮೇಣ ಮರೆಯಾಯಿತು. ಹೆಸರು ಮಾತ್ರ ಉಳಿಯಿತು. ಗುಂಡುಗಳ ಲೋಕದಲ್ಲಿ ಹೆಸರಿಗೂ ವಸ್ತುವಿಗೂ ಇರುವ ವಿರಸ ಇದೊಂದೇ ಅಲ್ಲ. ಕೆಲವು ವಿರಸಗಳು ಪ್ರಾಣಕ್ಕೇ ಎರವಾಗಬಲ್ಲವು.

ತೋಟಾ ಎಂಬುದಕ್ಕೆ ನಾಲ್ಕು ಅಂಗಗಳು: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹಾರಿಸಿದಾಗ ಮದ್ದು ಉರಿದುಹೋಗುತ್ತದೆ, ಗುಂಡು ದೂರ ಸಾಗುತ್ತದೆ. ಕೊಳವೆ ಮಾತ್ರ ಕೈಗೆ ಉಳಿಯುತ್ತದೆ. ಅಮೆರಿಕದಲ್ಲಿ ಈ ಕೊಳವೆಗೆ ಹೊಸ ಕೇಪು, ಮದ್ದು, ಗುಂಡುಗಳನ್ನು ಮನೆಯಲ್ಲಿಯೇ ಕೂಡಿಸಿಕೊಳ್ಳುವ ಹವ್ಯಾಸ ಬಹಳ ಹಳೆಯದು. ಇದಕ್ಕೆಂದೇ ಬರಿಯ ಗುಂಡುಗಳು ಪೆಟ್ಟಿಗೆಗಳಲ್ಲಿ ಮಾರಾಟವಾಗುತ್ತವೆ. ಪೆಟ್ಟಿಗೆ ಕೊಂಡ ತಾತ ತೀರಿಕೊಳ್ಳುತ್ತಾನೆ. ತಯಾರಕರು ಆ ಬಗೆಯನ್ನು ನಿಲ್ಲಿಸುತ್ತಾರೆ. ಪೆಟ್ಟಿಗೆಯ ಮೇಲಿನ ಚೀಟಿ ಹರಿದುಹೋಗುತ್ತದೆ. ಕೊನೆಗೆ ಮೊಮ್ಮಗನ ಕೈಗೆ ಬರುವುದು ಒಂದು ಹಿಡಿ ಅನಾಮಧೇಯ ಗುಂಡುಗಳು. ಇವು ಯಾವ ಕೋವಿಯವು? ಇವುಗಳಿಂದ ಏನು ಪ್ರಯೋಜನ?

ಬಲ್ಲವರು ಮೊದಲು ಕಣ್ಣನ್ನಲ್ಲ, ಅಳತೆಗೋಲನ್ನು ನಂಬುತ್ತಾರೆ. ಮೈಕ್ರೋಮೀಟರಿನಿಂದ ಗುಂಡಿನ ವ್ಯಾಸವನ್ನು ಅಂಗುಲದ ಸಾವಿರದ ಒಂದು ಭಾಗದವರೆಗೆ ಅಳೆಯುತ್ತಾರೆ. ಅನಂತರ ತೂಕ. ನಮ್ಮ ಅಕ್ಕಸಾಲಿಗರಿಗೆ ಗುಲಗಂಜಿಯಿದ್ದಂತೆ ಇವರಿಗೆ ಗ್ರೇನ್. ಒಂದು ಪೌಂಡಿಗೆ ೭೦೦೦ ಗ್ರೇನ್. ಮೂರನೆಯದು ಸೂಜಿಗಲ್ಲು, ಅದಕ್ಕೆ ಅಂಟಿದರೆ ತಾಮ್ರದಂತೆ ಕಾಣುವ ಗುಂಡಿನೊಳಗೂ ಉಕ್ಕು ಅಡಗಿದೆಯೆಂದು ಅರ್ಥ. ಬುಡದ ಆಕಾರ, ಮೈಸುತ್ತಿನ ಗೀರು, ಕವಚದ ಬಣ್ಣ, ಇವೆಲ್ಲವೂ ಸಾಕ್ಷಿ ನುಡಿಯುತ್ತವೆ. ತುದಿಗೆ ಬಣ್ಣ ಬಳಿದಿದ್ದರೆ ಎಚ್ಚರ ಇಮ್ಮಡಿಯಾಗಬೇಕು. ಅಮೆರಿಕದ ಸೈನ್ಯದಲ್ಲಿ ಕಪ್ಪು ತುದಿ ಉಕ್ಕಿನ ತಗಡನ್ನು ಭೇದಿಸುವ ಗುಂಡಿನ ಗುರುತು; ನೀಲಿ ತುದಿ ಬೆಂಕಿ ಹಚ್ಚುವ ಗುಂಡಿನದು.

ತಾಳ್ಮೆಯಿಂದ ನೋಡಿದರೆ ಕೆಲವು ಗುಂಡುಗಳು ತಮ್ಮ ಚರಿತ್ರೆಯನ್ನೇ ಹೇಳುತ್ತವೆ. ಜಾನ್ ನೋಸ್ಲರ್ ಎಂಬ ಬೇಟೆಗಾರ ೧೯೪೬ರಲ್ಲಿ ಕೆನಡದ ಕಾಡಿನಲ್ಲಿ ಮೂಸ್ ಎಂಬ ದೈತ್ಯ ಕಡವೆಗೆ ಗುರಿಯಿಟ್ಟಾಗ ಗುಂಡುಗಳು ನಿರೀಕ್ಷಿಸಿದಂತೆ ಒಳಹೊಗಲಿಲ್ಲ. ಊರಿಗೆ ಮರಳಿದವನು ಗುಂಡಿನ ನಡುವೆ ತಾಮ್ರದ ಅಡ್ಡಗೋಡೆಯಿಟ್ಟು ಹೊಸದೊಂದನ್ನು ಮಾಡಿ, ೧೯೪೮ರಲ್ಲಿ ಮಾರಾಟಕ್ಕೆ ತಂದ. ಆ ಹಳೆಯ ಗುಂಡುಗಳನ್ನು ಕಡಚಲು ಯಂತ್ರದಲ್ಲಿ ಕಡೆಯುತ್ತಿದ್ದರು. ಮೈನಡುವಿನ ಕಾಲುವೆಯಂಥ ಗೀರನ್ನು ಕಂಡೊಡನೆ ಸಂಗ್ರಾಹಕರು ಅವನ್ನು ಗುರುತಿಸುತ್ತಾರೆ.

ಇನ್ನು ಹೆಸರಿನ ಮೋಸಕ್ಕೆ ಬರೋಣ. ರೈಫಲಿನ ನಳಿಗೆಯೊಳಗೆ ತಿರುಪಿನಂತೆ ಕೊರೆದ ಗೀರುಗಳೂ ಅವುಗಳ ನಡುವೆ ಏಣುಗಳೂ ಇರುತ್ತವೆ. ಹೆಸರಿಡುವಾಗ ಅನೇಕರು ಏಣಿನಿಂದ ಏಣಿಗೆ ಅಳೆದರು. ಗುಂಡಾದರೋ ಗೀರಿನ ಆಳವನ್ನೂ ತುಂಬಬೇಕು. ಆದುದರಿಂದಲೇ ಬ್ರಿಟಿಷರ ‘೩೦೩’ ರೈಫಲಿನ ಗುಂಡಿನ ನಿಜವಾದ ವ್ಯಾಸ ೦.೩೧೧ ಅಂಗುಲ. ಜಿಮ್ ಕಾರ್ಬೆಟ್ಟನಿಗೆ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕೆ ಬಹುಮಾನವಾಗಿ ಬಂದ ‘೨೭೫’ ರಿಗ್ಬಿಯ ಗುಂಡು ೦.೨೮೪ ಅಂಗುಲ!

ಇವೆಲ್ಲಕ್ಕಿಂತ ಅಪಾಯದ ಕಥೆ ಜರ್ಮನಿಯದು. ೧೮೮೮ರಲ್ಲಿ ಅಲ್ಲಿಯ ಸೈನ್ಯ ಅಂಗೀಕರಿಸಿದ ತೋಟಾದ ಗುಂಡು ೦.೩೧೮ ಅಂಗುಲದ್ದು, ಮೊಂಡು ಮೂತಿ, ಸುಮಾರು ೨೨೭ ಗ್ರೇನ್ ತೂಕ. ೧೯೦೫ರ ಹೊತ್ತಿಗೆ ಬಂದ ಹೊಸ ಗುಂಡು ಮೊನಚಾದುದು, ೧೫೪ ಗ್ರೇನಿನದು, ವ್ಯಾಸ ೦.೩೨೩. ಎರಡಕ್ಕೂ ಜನರ ಬಾಯಲ್ಲಿ ‘ಎಂಟು ಮಿಲಿಮೀಟರ್’ ಎಂಬ ಒಂದೇ ಹೆಸರು. ಅಂತರ ಅಂಗುಲದ ಸಾವಿರದ ಐದು ಭಾಗವಷ್ಟೆ. ಆದರೆ ದಪ್ಪ ಗುಂಡನ್ನು ಕಿರಿದಾದ ಹಳೆಯ ನಳಿಗೆಗೆ ತುರುಕಿ ಹಾರಿಸಿದರೆ ಒತ್ತಡವೇರಿ ಕೋವಿ ಹಾರಿಸುವವನ ಮುಖದೆದುರಿಗೇ ಸಿಡಿಯಬಹುದು. ಹಳೆಯದನ್ನು ಗುರುತಿಸಲು ಬಳಕೆಗೆ ಬಂದ ಅಕ್ಷರ ‘ಜೆ’. ವಾಸ್ತವವಾಗಿ ಅದು ಪದಾತಿ ಸೈನ್ಯವನ್ನು ಸೂಚಿಸುವ ‘ಐ’. ಹಳೆಯ ಜರ್ಮನ್ ಲಿಪಿಯಲ್ಲಿ ಎರಡೂ ಒಂದೇ ತೆರನಾಗಿ ಕಾಣುವುದರಿಂದ ತಪ್ಪಾಗಿ ಓದಿದರು. ಆ ತಪ್ಪೇ ಇಂದಿಗೂ ಹೆಸರಾಗಿ ನಿಂತಿದೆ! ಹಸ್ತಪ್ರತಿಗಳೊಡನೆ ಹೆಣಗುವ ನಮ್ಮಂಥವರಿಗೆ ಇಂಥ ಪಾಠದೋಷ ಹೊಸದಲ್ಲ. ಆದರೆ ನಮ್ಮ ತಪ್ಪಿನಿಂದ ಕೋವಿ ಸಿಡಿಯುವುದಿಲ್ಲ.

ಹೀಗೆ ಗುರುತು ಹತ್ತಿದ ಗುಂಡು ಕಸವಲ್ಲ. ಅಂಗಡಿಗಳಲ್ಲಿ ಅಪರೂಪವಾದ ೦.೩೧೮ ಅಂಗುಲದ ಗುಂಡು ಹಳೆಯ ಜರ್ಮನ್ ರೈಫಲನ್ನು ಕಾಪಾಡಿಕೊಂಡವನಿಗೆ ನಿಧಿ ಸಿಕ್ಕಿದಂತೆ. ಬೇಟೆಗೆ ಸಲ್ಲದುದು ಗುರಿಯಭ್ಯಾಸಕ್ಕೆ ಸಲ್ಲಬಹುದು. ಗುರುತೇ ಹತ್ತದುದನ್ನು ಮಾತ್ರ ವಿವೇಕಿಯಾದವನು ಹಾರಿಸುವುದಿಲ್ಲ.

ಹಾರಿ ಮಣ್ಣುಗೂಡಿದ ಗುಂಡಿಗೂ ಉಪಯೋಗವುಂಟು. ಅಮೆರಿಕದ ಲಿಟಲ್ ಬಿಗ್‌ಹಾರ್ನ್ ಬಯಲಿನಲ್ಲಿ ೧೮೭೬ರಲ್ಲಿ ಸೇನಾನಿ ಕಸ್ಟರ್ ತನ್ನ ತುಕಡಿಯೊಡನೆ ಮಡಿದ. ೧೯೮೩ರಲ್ಲಿ ಕಾಳ್ಗಿಚ್ಚು ಅಲ್ಲಿಯ ಹುಲ್ಲನ್ನು ಸುಟ್ಟ ಮೇಲೆ ಪುರಾತತ್ತ್ವಜ್ಞರು ಲೋಹಶೋಧಕಗಳನ್ನು ಹಿಡಿದು ಹೊರಟರು. ಗುಂಡುಗಳ ಮೇಲಿನ ಗೀರುಗಳನ್ನೂ ಕೊಳವೆಗಳ ಬುಡದ ಗುರುತುಗಳನ್ನೂ ತಾಳೆ ನೋಡಿ, ಒಂದೊಂದು ಕೋವಿ ರಣರಂಗದಲ್ಲಿ ಎಲ್ಲಿಂದೆಲ್ಲಿಗೆ ನಡೆಯಿತೆಂಬುದನ್ನೇ ಹಲವೆಡೆ ಪತ್ತೆಹಚ್ಚಿದರು. ಮೂಲನಿವಾಸಿ ಯೋಧರ ಕೈಯಲ್ಲಿ ಒಂದರ ಹಿಂದೊಂದು ಗುಂಡು ಹಾರಿಸುವ ರೈಫಲುಗಳು ಸಾಕಷ್ಟಿದ್ದುವೆಂಬುದು ಆಗ ಖಚಿತವಾಯಿತು. ಬದುಕಿ ಬಂದು ಸಾಕ್ಷಿ ಹೇಳಲಾರದವರ ಪರವಾಗಿ ಸೀಸ ಸಾಕ್ಷಿ ಹೇಳಿತು.

ಕೊಡಗು, ಮಲೆನಾಡುಗಳ ಹಳೆಯ ಮನೆಗಳಲ್ಲಿ ಅಟ್ಟದ ಟ್ರಂಕು ತೆಗೆದಾಗ ಇಂಥ ಗುಂಡು, ತೋಟಾಗಳು ಕಂಡರೆ ಅಚ್ಚರಿಯಿಲ್ಲ. ಆದರೆ ಅಮೆರಿಕದವರಂತೆ ನಾವು ಅವನ್ನು ಹವ್ಯಾಸಕ್ಕೆ ಇಟ್ಟುಕೊಳ್ಳುವಂತಿಲ್ಲ. ನಮ್ಮ ೧೯೫೯ರ ಶಸ್ತ್ರಾಸ್ತ್ರ ಕಾಯಿದೆ ತೋಟಾದ ಬಿಡಿಭಾಗಗಳನ್ನೂ ಮದ್ದುಗುಂಡೆಂದೇ ಎಣಿಸುತ್ತದೆ. ಕುಟ್ಟಿ ನೋಡುವುದಾಗಲಿ, ಒಲೆಗೆ ಹಾಕುವುದಾಗಲಿ, ಮಕ್ಕಳ ಕೈಗೆ ಆಟಕ್ಕೆ ಕೊಡುವುದಾಗಲಿ ಕೂಡದು. ಪೊಲೀಸ್ ಠಾಣೆಗೆ ತಿಳಿಸುವುದೇ ಸರಿಯಾದ ದಾರಿ. ‘ತಾತನ ಕಾಲದ್ದು, ಇದರಲ್ಲೇನು ಉಳಿದೀತು?’ ಎಂದು ಯಾರಾದರೂ ನಕ್ಕರೆ, ಸಾವಿರದ ಐದು ಭಾಗದ ಕಥೆಯನ್ನು ಅವರಿಗೂ ಹೇಳಿರಿ.